ನೀರು ಕುಡಿಯದ ಎಲೆಗೆ ಆಲಂಕಾರಿನಿಂದ ಒಂದು ದೂರು

ಅಡುಗೆಮನೆಯ ಕಿಟಕಿಯಲ್ಲಿ ಮೊಸರು ಡಬ್ಬದ ಮುಚ್ಚಳದ ಮೇಲೆ ಸುಖಾಸೀನರಾಗಿರುವ ಮಾನ್ಯ ಎಲೆಯವರೇ,

ತಮ್ಮ ಬೇರೆಂಬ ಪಾದಗಳಿಗೆ, ಅವು ಇನ್ನೂ ಮೂಡದಿದ್ದರೂ, ನಮಸ್ಕಾರಗಳು. ಇವತ್ತು ಏಕಾದಶಿ. ಅಂಗಳ ಗುಡಿಸಿ, ದನಕ್ಕೆ ಹುಲ್ಲು ಹಾಕಿ, ತುಳಸಿಗೆ ನೀರೆರೆದು, ಉಪವಾಸವೆಂಬ ಹೆಸರಿನಲ್ಲಿ ಎರಡು ಲೋಟ ಕಾಫಿಯನ್ನೂ ಒಂದು ತಟ್ಟೆ ಅವಲಕ್ಕಿಯನ್ನೂ ಮುಗಿಸಿ ಬರೆಯಲು ಕುಳಿತಿದ್ದೇನೆ. ಹನಿ ನೀರೂ ಮುಟ್ಟದ ತಮ್ಮ ಉಪವಾಸದ ಎದುರು ನನ್ನದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ತಾವು ಅನಾಥರಾದದ್ದು ನನ್ನ ಭಕ್ತಿಯಿಂದ. ನನ್ನ ಸೊಸೆ ನಿಶ್ಮಿತಾ ಹೆರಿಗೆಗೆಂದು ಸುಳ್ಯದ ತವರಿಗೆ ಹೊರಟಾಗ ತಮ್ಮ ತಾಯಿಯವರನ್ನು, ಎಂದರೆ ಕಮಲದ ಹಾಗೆ ದಪ್ಪ ಎಲೆ ಜೋಡಿಸಿಕೊಂಡಿದ್ದ ತನ್ನ ಪ್ರೀತಿಯ ಸಕ್ಯುಲೆಂಟ್ ಗಿಡವನ್ನು, ನನಗೆ ಒಪ್ಪಿಸಿ, ಏನೂ ಮಾಡುವುದು ಬೇಡ, ನೀರು ಮಾತ್ರ ಹಾಕಬೇಡಿ ಎಂದು ಹೇಳಿ ಕಾರು ಹತ್ತಿದಳು. ಗಿಡಕ್ಕೆ ನೀರು ಹಾಕಬೇಡಿ ಎಂದವರನ್ನು ನಾನು ಈ ಜನ್ಮದಲ್ಲಿ ಕಂಡವಳಲ್ಲ. ಬಸುರಿ, ಸುಸ್ತಿನಲ್ಲಿ ಮಾತು ಆಚೀಚೆ ಆಯಿತೆಂದು ನಾನೇ ತಿದ್ದಿಕೊಂಡೆ. ತುಳಸಿಗೆ ಎರೆದು ಉಳಿದ ನೀರು, ಮಲ್ಲಿಗೆಗೆ ಹಾಕುವ ಸುಡುಮಣ್ಣಿನ ಗೊಬ್ಬರ, ಸಾಲದ್ದಕ್ಕೆ ಗೋಬರ್ ಗ್ಯಾಸಿನ ಸ್ಲರಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ತಮ್ಮ ತಾಯಿಯವರು ನೆರೆ ಬಂದ ಉಪ್ಪಿನಂಗಡಿಯ ಹಾಗೆ ಕುತ್ತಿಗೆವರೆಗೆ ನೀರಿನಲ್ಲಿ ನಿಂತು, ಒಂದು ಬೆಳಿಗ್ಗೆ ಕಳಿತ ಬಾಳೆಹಣ್ಣಿನಂತೆ ಕುಸಿದರು. ಕೊಳೆಯದೆ ಉಳಿದವರು ತಾವೊಬ್ಬರೇ.

ಎಲೆಯನ್ನು ಒಣಮಣ್ಣಿನ ಮೇಲೆ ಮಲಗಿಸಿ ಮರೆತುಬಿಡಿ, ಬೇರು ತಾನಾಗಿ ಬರುತ್ತದೆ ಎಂದರು ನೆರೆಮನೆಯ ಪಾತುಮ್ಮ. ಮುಚ್ಚಳದಲ್ಲಿ ಮಣ್ಣು ಹರಡಿ ಮಲಗಿಸಿದೆ. ಮರೆಯುವುದು ಹೇಗೆಂದು ಅವರು ಹೇಳಿಕೊಡಲಿಲ್ಲ. ದೇವರಿಗೆ ದೀಪ ಇಟ್ಟ ಕೂಡಲೇ ತಮ್ಮನ್ನು ಎತ್ತಿ, ತಿರುಗಿಸಿ, ಕನ್ನಡಕ ಹಾಕಿ ನೋಡುವುದು ನನ್ನ ನಿತ್ಯಪೂಜೆಯಾಯಿತು.

ಹೀಗಿರುವಾಗ ಒಂದು ದಿನ ತಮ್ಮ ಪಕ್ಕದಲ್ಲಿ ಹಸಿರು ಚಿಗುರೊಂದು ಕಂಡಿತು. ತುಪ್ಪದ ದೀಪ ಹಚ್ಚಿದೆ. ಫೋಟೊ ತೆಗೆದು, ನಿನ್ನ ಗಿಡ ಮರಿ ಹಾಕಿದೆ ಎಂದು ಸೊಸೆಗೆ ಕಳಿಸಿದೆ; ತಮ್ಮ ತಾಯಿಯವರ ನಿಧನದ ಸುದ್ದಿಯನ್ನು, ಅಷ್ಟರಲ್ಲಿ ಹೆಣ್ಣುಮಗು ಹೆತ್ತಿದ್ದ ಬಾಣಂತಿಗೆ ಹೇಳಬಾರದೆಂದು ನುಂಗಿಕೊಂಡಿದ್ದೆ. ಫೋನು ಕೂಡಲೇ ಬಂತು.

"ಅತ್ತೆ, ಅದು ಕಾಡುಬಸಳೆ. ನನ್ನ ಗಿಡ ಎಂತ ಆಯ್ತು?"

ಬಚ್ಚಲಿನ ಬದಿಯಿಂದ ನಾನು ತಂದ ಮಣ್ಣಿನಲ್ಲೇ ಅದು ಇತ್ತು. ನಮ್ಮ ಕಾಡುಬಸಳೆಯ ಎಲೆ ಗೋಡೆಯ ಮೇಲೆ ಬಿದ್ದರೂ ಮೊಳೆಯುತ್ತದೆ, ಯಾರ ಪೂಜೆಗೂ ಕಾಯುವುದಿಲ್ಲ, ಇದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಾನು ಎಲ್ಲವನ್ನೂ ಹೇಳಿದೆ. ನಿಶ್ಮಿತಾ ನಕ್ಕಳು. "ಹಾಗಾದ್ರೆ ಮಗುವಿಗೆ ನೀರು ಹಾಕ್ಲಿಕ್ಕೆ ನಾನು ಅಮ್ಮನನ್ನೇ ಕರ್ಕೊಂಡು ಬರ್ತೇನೆ, ಆಯ್ತಾ?"

ಅವಳಿಗೆ ತಮಾಷೆ. ಗಿಡಕ್ಕೆ ಹಾಕುವುದೂ ನೀರೇ, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಹಾಕುವುದೂ ನೀರೇ. ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಳ್ಳಲೆಂದು ಬಚ್ಚಲಿಗೆ ಹೊಸ ಮಣೆ ಮಾಡಿಸಿದ್ದೇನೆ, ಹಂಡೆಯನ್ನು ಹುಳಿ ಹಾಕಿ ತಿಕ್ಕಿದ್ದೇನೆ. ಬರುವ ತಿಂಗಳು ಅವರು ಬರುತ್ತಾರೆ. ಒಂದು ಗಿಡವನ್ನು ಉಳಿಸಲಾರದ ಕೈಗೆ ಮಗುವನ್ನು ಯಾರು ಕೊಡುತ್ತಾರೆ?

ಆದಕಾರಣ ತಾವು ದಯವಿಟ್ಟು ಆ ಕಾರು ಅಂಗಳಕ್ಕೆ ಬರುವುದರೊಳಗೆ ತಾಯಿಯವರಷ್ಟೇ ದೊಡ್ಡದಾಗಿ, ಅದೇ ಚಟ್ಟಿಯಲ್ಲಿ, ಅದೇ ಗತ್ತಿನಲ್ಲಿ ಕುಳಿತಿರಬೇಕು. ಅದು ಕಷ್ಟವಾದರೆ ತಾಯಿಯವರು ಸುಬ್ರಹ್ಮಣ್ಯಕ್ಕೆ ಸೇವೆಗೆ ಹೋಗಿದ್ದಾರೆಂದು ಸೊಸೆಯ ಅಮ್ಮನೆದುರಾದರೂ ಸಾಕ್ಷಿ ಹೇಳಬೇಕು. ಅದೂ ಆಗದಿದ್ದರೆ, ಮನುಷ್ಯರ ಮಕ್ಕಳು ಒದ್ದೆಯಾದರೆ ಕೊಳೆಯುವುದಿಲ್ಲವೆಂದು ಒಂದು ಸರ್ಟಿಫಿಕೇಟನ್ನಾದರೂ ಕೊಡಬೇಕು.

ತಮ್ಮ ವಿಶ್ವಾಸಿ (ಸೊಸೆಯ ವಿಶ್ವಾಸ ಸದ್ಯ ತನಿಖೆಯಲ್ಲಿದೆ),
ಮೂಕಾಂಬಿಕಾ, ಆಲಂಕಾರು

ಮರೆತ ಮಾತು: ತಾವು ಉತ್ತರ ಕೊಡುವುದು ಬೇರಿನಲ್ಲಂತೆ, ಕೂದಲಿಗಿಂತ ಸಪೂರವಾಗಿ. ಇಷ್ಟು ದಿನ ಎತ್ತಿ ಎತ್ತಿ ಅದನ್ನು ತುಂಡು ಮಾಡಿದವಳು ನಾನೇ ಎಂದು ಪಾತುಮ್ಮ ತೀರ್ಪು ಕೊಟ್ಟಿದ್ದಾರೆ. ಆದ್ದರಿಂದ ಇದನ್ನು ಓದಿದವರಲ್ಲಿ ಕೈ ಹಗುರ ಇರುವವರು ಯಾರಾದರೂ ಕಿಟಕಿಯವರೆಗೆ ಹೋಗಿ ಆ ಉತ್ತರವನ್ನು ನನಗೆ ತಂದುಕೊಡಿ. ತಡ ಮಾಡಬೇಡಿ, ಸುಳ್ಯದಲ್ಲಿ ಬೀಗತಿ ಆಗಲೇ ಬ್ಯಾಗಿಗೆ ಸೀರೆ ತುಂಬಿಸುತ್ತಿದ್ದಾರೆ.