ಅಕ್ಕನ ಹೊಸ ಪಾಸ್‌ವರ್ಡ್

ಎಲ್ಲಕ್ಕೂ ಮೂಲ ಒಂದು ಫೋನ್ ಕರೆ. ವಯಸ್ಸಾದವರಿಗೆ ಉಚಿತವಾಗಿ ಕಿವಿಯ ಮಷೀನು ಕೊಡುವ ಪುಟ್ಟ ಸಂಸ್ಥೆಯೊಂದರ ಹೆಸರು ಹೇಳಿಕೊಂಡು, ಯಾವನೋ ಒಬ್ಬ ಒಂಟಿ ಅಜ್ಜಿಗೆ ಫೋನ್ ಮಾಡಿದ್ದ. ಅಜ್ಜಿಯ ಹೆಸರು, ಮನೆ, ಕೊನೆಗೆ ಯಾವ ಕಿವಿ ಮಂದ ಎನ್ನುವುದೂ ಅವನಿಗೆ ಗೊತ್ತಿತ್ತು. ಬ್ಯಾಂಕ್ ಕಾರ್ಡಿನ ನಂಬರ್ ಹೇಳಿ ಎಂದು ಅವನು ಗೋಗರೆದಷ್ಟೂ ಅಜ್ಜಿ, "ಮಗಳು ಚೆನ್ನಾಗಿದ್ದಾಳೆ ಕಣಪ್ಪಾ, ನಿಂದು ಊಟ ಆಯ್ತಾ?" ಎನ್ನುತ್ತಲೇ ಹೋದರು. ಅವನೇ ಸುಸ್ತಾಗಿ ಫೋನ್ ಇಟ್ಟ.

ಸ್ಪೀಕರ್‌ನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಪಕ್ಕದ ಮನೆಯವರು ಬೆಳಿಗ್ಗೆ ಬಂದು ಹೇಳಿದಾಗ, ಬೀದಿಗೆಲ್ಲ 'ಅಕ್ಕ'ನಾಗಿದ್ದ ಸಂಸ್ಥೆಯ ಕಾರ್ಯದರ್ಶಿಗೆ ಚಿಂತೆ ಹತ್ತಿತು. ಈ ಅಜ್ಜಿ ಕಿವಿ ಕೇಳದ್ದಕ್ಕೆ ಬಚಾವಾದರು. ಇವತ್ತು ಮಧ್ಯಾಹ್ನ ಹಾಲ್ ತುಂಬ ಜನಕ್ಕೆ ಮಷೀನು ಕೊಡುವುದಿದೆ. ನಾಳೆಯಿಂದ ಆ ಕಳ್ಳನ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತದಲ್ಲ!

ಎಲ್ಲರ ವಿವರ ಇದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ. ಅದರ ಪಾಸ್‌ವರ್ಡ್ ಸಂಸ್ಥೆಯ ಹೆಸರೇ. ಆ ಹೆಸರನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆಸಿ, ಸಂಜೆಯಾದರೆ ಅದಕ್ಕೆ ಲೈಟು ಬೇರೆ ಹಾಕುತ್ತಿದ್ದರು. ಅಕ್ಕ ಕುಳಿತವಳೇ ಪಾಸ್‌ವರ್ಡ್ ಬದಲಾಯಿಸಿದಳು.

ಮೊದಲು ಬಂದವನು ಪಕ್ಕದಂಗಡಿಯ ಟೈಲರ್. ಹೊಸ ಡಿಸೈನ್ ನೋಡಲು ಅವನಿಗೆ ಅದೇ ಕಂಪ್ಯೂಟರ್ ಬೇಕು.

"ಅಕ್ಕಾ, ಇದು ಕೆಟ್ಟೋಗಿದೆ."

"ಇಷ್ಟು ದಿನ ಕೆಟ್ಟಿತ್ತು. ಈಗ ಸರಿಯಾಗಿದೆ."

"ಹಾಗಾದ್ರೆ ಪಾಸ್‌ವರ್ಡ್ ಹೇಳಿ."

"ಹೇಳಲ್ಲ."

"ನಾನೇನು ಕಳ್ಳನಾ?"

"ನಿನ್ನ ಅಂಗಡಿ ಬೀಗದ ಕೈ ನನಗೆ ಕೊಡ್ತೀಯಾ?"

"ಅದ್ಹೇಗಾಗುತ್ತೆ?"

"ಇದೂ ಹಾಗೇ."

ಟೈಲರ್ ಹೊಲಿಗೆ ಬಿಚ್ಚಿದ ಜೇಬಿನಂತೆ ಮುಖ ಜೋಲು ಹಾಕಿಕೊಂಡು ಹೋದ.

ಆಮೇಲೆ ಸಂಸ್ಥೆಯ ಅಧ್ಯಕ್ಷರ ಭಾವಮೈದುನ ಬಂದ. ಸೇವೆ ಎಂದು ಮನೆಯಲ್ಲಿ ಹೇಳಿ, ಇಲ್ಲಿ ಕುಳಿತು ಸಿನಿಮಾ ನೋಡುವುದು ಅವನ ಕೆಲಸ. ಅಕ್ಕ ಕುರ್ಚಿ ಜೋಡಿಸಲು ಹಾಲ್‌ಗೆ ಹೋದದ್ದೇ ತಡ, ಅವಳ ಗಂಡನ ಹೆಸರು, ಮಗಳ ಹೆಸರು, ಕಡೆಗೆ ಅತ್ತೆಯ ಹೆಸರನ್ನೂ ಒತ್ತಿ ನೋಡಿದ. ಕಂಪ್ಯೂಟರ್ ರೇಗಿಕೊಂಡು ತನಗೆ ತಾನೇ ಬೀಗ ಹಾಕಿಕೊಂಡಿತು. ಅಷ್ಟರಲ್ಲಿ ಅಜ್ಜ ಅಜ್ಜಿಯರು ಬರತೊಡಗಿದ್ದರು. ಯಾರಿಗೆ ಯಾವ ಕಿವಿಗೆ ಯಾವ ಮಷೀನು ಎಂದು ಹೇಳಬೇಕಾದ ಕಂಪ್ಯೂಟರ್ ಮಾತ್ರ ತುಟಿ ಬಿಚ್ಚಲಿಲ್ಲ.

ಅಧ್ಯಕ್ಷರು ಸೀಟಿ ಹಾಕಲು ಸಿದ್ಧವಾದ ಕುಕ್ಕರಿನಂತೆ ಬಂದರು.

"ಏನಮ್ಮಾ ಇದು? ನಮ್ಮದು ಸೇವಾಸಂಸ್ಥೆ. ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?"

"ಆ ಅಜ್ಜಿ ಮನೇಲಿ ಒಬ್ರೇ ಇರ್ತಾರೆ ಅನ್ನೋದಿದೆ ಸರ್. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ. ಬೀದಿಗೆಲ್ಲ ಪಾಸ್‌ವರ್ಡ್ ಹಂಚೋದು ಮಾತ್ರ ನನ್ನಿಂದ ಆಗಲ್ಲ!"

ಫೋನಿನ ಕತೆ ಪೂರ್ತಿ ಕೇಳಿದ ಮೇಲೆ ಅಧ್ಯಕ್ಷರ ಆವಿ ಇಳಿಯಿತು. "ನೀನು ಮಾಡಿದ್ದು ಸರಿ. ಆದ್ರೆ ನನಗೊಬ್ಬನಿಗಾದ್ರೂ ಗೊತ್ತಿರಬೇಕಲ್ವೇನಮ್ಮ?" ಎಂದರು. ಅದು ನ್ಯಾಯವೇ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡು ಅಕ್ಕ ಅವರ ಕಿವಿಯಲ್ಲಿ ಉಸುರಿದಳು.

ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಸಮಾಧಾನವಾಗಿ ತೆರೆದುಕೊಂಡಿತು. ಮಷೀನುಗಳು ಕಿವಿ ಸೇರಿದವು. ಹಾಲ್‌ನಲ್ಲಿ ಅಧ್ಯಕ್ಷರು ಮೈಕ್ ಹಿಡಿದರು. ಯಾರಿಗೂ ಕಾರ್ಡಿನ ನಂಬರ್ ಹೇಳಬೇಡಿ ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಹಿಂದೆ ನಿಂತಿದ್ದ ಅಕ್ಕನ ಕಣ್ಣು ಒದ್ದೆಯಾಯಿತು.

"ಈ ಬುದ್ಧಿ ಕಲಿಸಿದ್ದು ನಮ್ಮ ಕಾರ್ಯದರ್ಶಿ!" ಅಧ್ಯಕ್ಷರು ಉಬ್ಬಿಹೋಗಿದ್ದರು. "ಪಾಸ್‌ವರ್ಡ್ ಅಂದ್ರೆ ಹೇಗಿರಬೇಕು ಗೊತ್ತಾ? ಉದಾಹರಣೆಗೆ, ಇವತ್ತು ಇವರು ಇಟ್ಟಿರೋದನ್ನೇ ತಗೊಳ್ಳಿ…"

ಕುರ್ಚಿಗಳನ್ನು ದಾಟಿ, ಕೋಲುಗಳನ್ನು ಎಡವಿ ಅಕ್ಕ ಮೈಕಿನ ವೈರ್ ಕೀಳುವಷ್ಟರಲ್ಲಿ ಅಧ್ಯಕ್ಷರು ಕೊನೆಯ ಚುಕ್ಕಿಗಳಿಗೆ ಬಂದಿದ್ದರು. ಆ ಹಾಲ್‌ನಲ್ಲಿ ಮೊದಲ ಬಾರಿಗೆ ಎಲ್ಲರಿಗೂ ಎಲ್ಲವೂ ಕೇಳಿಸಿತ್ತು. ಮುಂದಿನ ಸಾಲಿನ ಅಜ್ಜ ಒಂದೂ ತಪ್ಪಿಲ್ಲದೆ ಒಪ್ಪಿಸಿ, ಸರಿಯೇ ಎಂಬಂತೆ ಅವಳನ್ನೇ ನೋಡಿದರು.

ಅಕ್ಕ ಅಳಲಿಲ್ಲ. "ಇನ್ನೊಂದು ಇಡ್ತೀನಿ. ಈ ಸಲ ದೇವರು ಬಂದು ಕೇಳಿದ್ರೂ ಹೇಳಲ್ಲ!" ಎಂದು ಗುಡುಗಿ ಆಫೀಸಿಗೆ ಓಡಿದಳು.

ಕಂಪ್ಯೂಟರ್ ಮುಂದೆ ಟೈಲರ್ ಆಗಲೇ ಕುಳಿತಿದ್ದ. ಧ್ವನಿವರ್ಧಕ ಅವನ ಅಂಗಡಿಯ ಕಡೆಗೇ ಮುಖ ಮಾಡಿತ್ತು.

"ಅಕ್ಕಾ, ಎಲ್ಲಾ ಸರಿಯಾಗಿ ಕೇಳಿಸ್ತು. ಕೊನೇಲಿ ಬರೋ ಆ ಚುಕ್ಕಿ, ಅದು ಎಷ್ಟು ಸಲ?"

"ಏಳು!" ಅಕ್ಕ ಬಾಗಿಲ ಕಡೆ ಕೈ ತೋರಿಸಿ ಗದರಿದಳು.

"ಏಳಾ?" ಎಂದು ಟೈಲರ್ ಎಣಿಸಿಕೊಂಡು ಒತ್ತತೊಡಗಿದ.