ಮೂರು ಸಲ ಕೂಗುವ ಕೆಲಸ

ಕೆಲಸ ಬಿಟ್ಟರೂ ಕೆಲಸ ನಮ್ಮನ್ನು ಬಿಡುವುದಿಲ್ಲ. ಮೂವತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಕೇಸಿನವರ ಹೆಸರು ಕೂಗಿದ ಜವಾನ ನಾನು. ಒಬ್ಬೊಬ್ಬರ ಹೆಸರೂ ಮೂರು ಸಲ. ಮೂರಕ್ಕೂ ಬರದಿದ್ದರೆ ಕೇಸು ವಜಾ. ರಿಟೈರಾಗಿ ಎರಡು ವರ್ಷವಾಯಿತು, ಆದರೆ ಗಂಟಲಿಗೆ ಆ ಆರ್ಡರು ಇನ್ನೂ ತಲುಪಿಲ್ಲ.

ಮೊನ್ನೆ ಹೂವು, ಬಾಳೆಹಣ್ಣು ತರಲು ಹೆಂಡತಿಯ ಜೊತೆ ದೇವರಾಜ ಮಾರ್ಕೆಟ್ಟಿಗೆ ಹೋದೆ. ನಾಲ್ಕು ಗಂಟೆಗೆ ಚಿಕ್ಕ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಪಟೇಲರ ಮರ್ಯಾದೆ

ಹೂವಿನ ಸಾಲಿನಲ್ಲಿ ಅಂಗಡಿಯವನು ಮೂರು ಸಲ "ಬನ್ನಿ ಸ್ವಾಮಿ" ಅಂದ ಮೇಲೇ ಒಬ್ಬ ಗಿರಾಕಿ ತಿರುಗಿದ. ನನಗೆ ಒಬ್ಬ ಹಳ್ಳಿ ಪಟೇಲರು ನೆನಪಾದರು. ಕೋರ್ಟಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದರು. ಒಂದು ಸಲ ಕೂಗಿದೆ, ರುಮಾಲು ಸರಿಮಾಡಿಕೊಂಡರು. ಎರಡನೇ ಸಲಕ್ಕೆ ಎಲೆಗೆ ಸುಣ್ಣ ಹಚ್ಚಿದರು. ಮೂರನೆಯದಕ್ಕೆ ನಿಧಾನವಾಗಿ ಎದ್ದರು.

"ಕೇಳಿಸಲಿಲ್ವಾ ಯಜಮಾನ್ರೇ?"

"ಮೊದಲ್ನೇದೇ ಕೇಳಿಸ್ತು ಕಣಯ್ಯ. ಊಟಕ್ಕಾದ್ರೂ ಮೂರು ಸಲ ಕರೀತಾರೆ. ಒಂದೇ ಕೂಗಿಗೆ ಎದ್ದು ಬರೋಕೆ ನಾನೇನು ಕಳ್ಳನೇ?"

ಅದೇ ಬೆಂಚಿನಲ್ಲಿ ಕೂತಿದ್ದ ಕೋಳಿಕಳ್ಳನೊಬ್ಬ ಅವತ್ತಿನಿಂದ ತಾನೂ ಮೂರನೇ ಕೂಗಿಗೇ ಏಳತೊಡಗಿದ.

ಹಿತ್ತಲ ಗೋಡೆ

ಇದನ್ನು ಹೆಂಡತಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. "ಇವತ್ತು ಮಾತ್ರ ಆ ಕೋರ್ಟಿನ ಗಂಟಲು ತೆಗೀಬೇಡಿ ಕಣ್ರೀ" ಅಂದಳು. ಅದಕ್ಕೆ ಕಾರಣವಿತ್ತು.

ದೊಡ್ಡ ಮಗಳ ಮದುವೆಯಲ್ಲಿ ಎಲೆ ಹಾಕಿಯಾಗಿತ್ತು, ಬೀಗರು ಮಾತಿನಲ್ಲೇ ಇದ್ದರು. "ನೀವೇ ಒಂದು ಕೂಗು ಹಾಕಿ" ಅಂದ ಅಡುಗೆಯವನು. ಅಭ್ಯಾಸಬಲ ನೋಡಿ, "ಗಂಡಿನ ಕಡೆಯವರು ಹಾಜರಿದ್ದೀರಾ?" ಅಂತ ಕೂಗಿಬಿಟ್ಟೆ. ಎರಡು ವರ್ಷದಿಂದ ಯಾವುದೋ ಸಮನ್ಸಿಗೆ ತಲೆ ತಪ್ಪಿಸಿಕೊಂಡಿದ್ದ ವರನ ಸೋದರಮಾವ ಹಿತ್ತಲ ಗೋಡೆ ಹಾರಿದರು. ಸಂಜೆ ಕುಂಟುತ್ತಾ ಬಂದು, "ಹೋದರಾ?" ಅಂತ ಮೆಲ್ಲಗೆ ಕೇಳಿದರು.

ಏ ಇವಳೇ

ಬಾಳೆಹಣ್ಣು ಆರಿಸಿ ತಿರುಗಿದರೆ ಹೆಂಡತಿ ಇಲ್ಲ. ಸಾಲು ಸಾಲು ಹುಡುಕಿದೆ. ಗಂಟೆ ಮೂರು ದಾಟಿತ್ತು.

"ಏ ಇವಳೇ" ಅಂದೆ. ಎಂಟು ಹತ್ತು ಹೆಂಗಸರು ತಿರುಗಿ ನೋಡಿದರು. ನಮ್ಮ ಊರಿನಲ್ಲಿ ಎಲ್ಲರ ಹೆಂಡತಿಯ ಹೆಸರೂ ಅದೇ.

ಊರವರ ಹೆಸರನ್ನೆಲ್ಲ ಕೂಗಿದವನು ನಾನು, ಇವಳ ಹೆಸರು ಒಂದು ಸಲವೂ ಬಾಯಲ್ಲಿ ಬಂದಿರಲಿಲ್ಲ. ನಾಚಿಕೆ. ಆದರೆ ತಾಯಿಯಿಲ್ಲದೆ ಹೆಣ್ಣು ತೋರಿಸುವುದು ಹೇಗೆ? ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಕೊಟ್ಟ ಮಾತು ಮರೆತು ಗಂಟಲು ತೆಗೆದೆ.

"ಒಂಟಿಕೊಪ್ಪಲಿನ ಚಿಕ್ಕತಾಯಮ್ಮನವರು ಹಾಜರಿದ್ದೀರಾ?"

ಬದನೆಕಾಯಿಯವನು ತಕ್ಕಡಿ ಬಚ್ಚಿಟ್ಟ. ಎರಡನೇ ಕೂಗಿಗೆ ಇಬ್ಬರು ಗಂಡಸರು ಸರಸರನೆ ಹೊರಗೆ ನಡೆದರು. ಮೂರನೆಯದೂ ಮುಗಿದ ಮೇಲೆ, ಎರಡೇ ಮಾರು ದೂರದ ಸೇವಂತಿಗೆ ಬುಟ್ಟಿಗಳ ಹಿಂದಿನಿಂದ ಹೆಂಡತಿ ಎದ್ದಳು.

"ಇಲ್ಲೇ ಇದ್ದೀಯಲ್ಲ, ಮೊದಲನೇ ಕೂಗಿಗೇ ಬರೋಕೆ ಏನಾಗಿತ್ತು?"

"ಮೂವತ್ತು ವರ್ಷಕ್ಕೆ ಇವತ್ತು ನನ್ನ ಹೆಸರು ಕೂಗಿದ್ರಿ. ಮೂರೂ ಆಗ್ಲಿ ಅಂತ ಕೂತಿದ್ದೆ."

ಜಟಕಾ ಹತ್ತಿ ಮನೆ ಸೇರುವುದಕ್ಕೂ ಗಂಡಿನ ಕಡೆಯವರು ಬರುವುದಕ್ಕೂ ಸರಿಹೋಯಿತು. ಮಗಳು ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ಹುಡುಗ, ಅವನ ಅಪ್ಪ ಅಮ್ಮ ಎದುರಿಗೆ ಕೂತರು.

"ಏ ಇವಳೇ, ಕಾಫಿ ತಾ" ಅಂದೆ. ಅಡುಗೆಮನೆಯಲ್ಲಿ ಲೋಟದ ಸದ್ದೂ ಇಲ್ಲ. ಇನ್ನೊಂದು ಸಲ ಅಂದೆ. ಇಲ್ಲ. ಸಂಬಂಧ ತಪ್ಪಿದರೂ ಇವಳು ಬರುವವಳಲ್ಲ ಅಂತ ಗೊತ್ತಾಯಿತು. ಬೀಗರಾಗುವವರ ಎದುರಿಗೇ ಹೆಸರು ಹಿಡಿದು, ಒಂದು, ಎರಡು, ಮೂರು ಸಲ ಕೂಗಿದೆ. ಕಾಫಿ ಬಂತು.

ಹುಡುಗನ ತಾಯಿ ಲೋಟ ಕೆಳಗಿಟ್ಟು, "ಹುಡುಗಿ ನಮಗೆ ಒಪ್ಪಿಗೆ" ಅಂದರು. ಆಮೇಲೆ ಗಂಡನ ಕಡೆ ತಿರುಗಿದರು.

"ನನ್ನ ಹೆಸರು ಜ್ಞಾಪಕ ಇದೆಯೇನ್ರೀ?"