‘ಇಲ್ಲ’ ಎನ್ನುವುದಕ್ಕೆ ಇಪ್ಪತ್ತು ಅಂಕ

ಇನ್ನೊಬ್ಬರಿಗೆ ಅಂಕ ಹಾಕುವಷ್ಟು ಸುಖದ ಕೆಲಸ ಈ ಲೋಕದಲ್ಲಿ ಬೇರೆ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಕೆಂಪು ಪೆನ್ನು ಕೈಗೆ ಬಂದರೆ ಸಾಕು, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಮನೆಯಲ್ಲಿ ನನ್ನ ಮಾತಿಗೆ ನಾಯಿ ಕೂಡ ಕಿವಿ ಎತ್ತುವುದಿಲ್ಲ. ಆದರೆ ಮೂಡಿಗೆರೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೇಳಿ ಅರ್ಧ ತಾಲ್ಲೂಕಿನ ಭವಿಷ್ಯವನ್ನು ನಾನೇ ತಿದ್ದಿದ್ದೇನೆ ಎಂಬ ಜಂಬ ನನಗುಂಟು. ಆ ಜಂಬ ಸಾಲದೆಂದು ಹೋದ ವರ್ಷ ಬೆಂಗಳೂರಿಗೆ ಹೋಗಿ, ಒಂದು ತರಬೇತಿಯಲ್ಲಿ ಕುಳಿತು, ವ್ಯವಹಾರದ ಇಂಗ್ಲಿಷನ್ನು ಅಳೆಯುವ ಅರ್ಹತೆ ಈಕೆಗಿದೆ ಎಂಬ ಪ್ರಮಾಣಪತ್ರವನ್ನೂ ತಂದೆ. ಅದಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ. ನಮ್ಮ ಯಜಮಾನರು ಬಾಳೂರಿನ ಹತ್ತಿರ ಸಣ್ಣದೊಂದು ಕಾಫಿ ತೋಟ ನೋಡಿಕೊಂಡು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವ ಜಾತಿಯವರು. ಅವತ್ತು ಕತ್ತೆತ್ತಿ ನೋಡಿ, “ಅಲ್ಲಿ ಗೋಡೆ ತೇವ ಹಿಡಿದಿತ್ತು. ಮುಚ್ಚಿತಲ್ಲ, ಒಳ್ಳೇದಾಯ್ತು” ಎಂದರು.

ಆ ತರಬೇತಿಯಲ್ಲಿ ಕಲಿಯುವವರನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವುದನ್ನು ಹೇಳಿಕೊಟ್ಟರು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ‘ಅಪ್ಪರ್ ಇಂಟರ್ಮೀಡಿಯೇಟ್’ ಎಂಬ ಮೆಟ್ಟಿಲು. ಮಧ್ಯಮಕ್ಕಿಂತ ಮೇಲೆ, ಉತ್ತಮಕ್ಕಿಂತ ಕೆಳಗೆ. ಇವರು ಇಂಗ್ಲಿಷಿನಲ್ಲಿ ಊಟ ಮಾಡಬಲ್ಲರು, ಜಗಳ ಮಾಡಲಾರರು. ಕಣದಲ್ಲಿ ಎರಡು ಬಿಸಿಲು ಕಂಡ ಕಾಫಿ ಹಣ್ಣಿನ ಹಾಗೆ, ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ ಹಸಿ. ಇಂಥವರನ್ನು ಅಳೆಯಲು ಐದು ಅಂಶ, ಒಂದೊಂದಕ್ಕೂ ಇಪ್ಪತ್ತು ಅಂಕ. ವಂದಿಸುವುದು, ನೇರ ವಿಷಯಕ್ಕೆ ಬರುವುದು, ಮಾಹಿತಿ ಕೊಡುವುದು, ಚೌಕಾಶಿ ಮಾಡುವುದು, ಕೊನೆಯದಾಗಿ ಸೌಜನ್ಯ ಬಿಡದೆ ಸ್ಪಷ್ಟವಾಗಿ ‘ಇಲ್ಲ’ ಎನ್ನುವುದು. ಈ ಕೊನೆಯದನ್ನು ಹೇಳಿಕೊಡುವಾಗ ತರಬೇತಿಯ ಆಸಾಮಿ ಮೇಜು ಕುಟ್ಟಿ ಕುಟ್ಟಿ, ‘ಇಲ್ಲ’ ಎನ್ನಲು ಬಾರದವನು ವ್ಯಾಪಾರಕ್ಕೇ ನಾಲಾಯಕ್ಕು ಎಂದಿದ್ದ. ನಾನು ತಲೆದೂಗಿ ಬರೆದುಕೊಂಡೆ. ನಾನು ಯಾವ ಊರಿನವಳು ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ನಮ್ಮ ಕಡೆ ‘ಇಲ್ಲ’ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ಹಾಗೆ ಮುಖ ಮುರಿದ ಹಾಗೆ ಮಾತಾಡಿದರೆ ಮರ್ಯಾದಸ್ಥರ ಲಕ್ಷಣವೇ? ಮೊದಲು ಕೂರಿಸಿ ಕಾಫಿ ಕೊಡಬೇಕು. ಆಮೇಲೆ “ನಿಮ್ಮ ಕಡೆ ಮಳೆ ಹೆಂಗೆ?” ಎಂದು ಕೇಳಬೇಕು. ಅವರ ಕಡೆಯ ಮಳೆ ಮುಗಿದ ಮೇಲೆ ನಮ್ಮ ಕಡೆಯ ಮಳೆ. ಇಷ್ಟಾದರೂ ಬಂದವರು ವಿಷಯ ಎತ್ತಿದರೆ, “ನೋಡುವ”, “ಹಬ್ಬ ಒಂದು ಕಳೀಲಿ”, “ಮನೇಲಿ ಕೇಳಿ ಹೇಳ್ತೀನಿ”. ಬುದ್ಧಿ ಇದ್ದವರು ಅಲ್ಲಿಗೆ ಅರ್ಥ ಮಾಡಿಕೊಂಡು ಕೊಡೆ ತೆಗೆದುಕೊಂಡು ಏಳುತ್ತಾರೆ. ಒಮ್ಮೊಮ್ಮೆ ಎಡವಟ್ಟಾಗುವುದೂ ಉಂಟು. ನನ್ನನ್ನು ನೋಡಲು ಒಂದು ಗಂಡು ಬಂದಿದ್ದಾಗ, ಹುಡುಗ ಬಾಯೇ ಬಿಡುವುದಿಲ್ಲ ಎಂದು ನಮ್ಮ ಸೋದರಮಾವನಿಗೆ ಒಂಚೂರೂ ಮನಸ್ಸಿರಲಿಲ್ಲ. ಆದರೂ ಹೇಳುವುದು ಹೇಗೆ? “ಮಳೆಗಾಲ ಒಂದು ಕಳೀಲಿ, ಮತ್ತೆ ಮಾತಾಡುವ” ಎಂದು ಸಾಗಹಾಕಿದರು. ಮಳೆಗಾಲ ಕಳೆಯಿತು. ಅವರು ಹಣ್ಣುಕಾಯಿ, ಸೀರೆ ಸಮೇತ ಜೀಪಿನಲ್ಲಿ ಬಂದು ಇಳಿದರು. ಇಳಿದವರಿಗೆ ಇಲ್ಲ ಎನ್ನಲಾದೀತೇ? ಮಾವ ಕಾಫಿಗೆ ಹೇಳಿದರು, ನನ್ನ ಮದುವೆಯಾಯಿತು. ಈಗಲೂ ನಾನು ರೇಗಿದಾಗೆಲ್ಲ ಯಜಮಾನರು, “ಅವತ್ತು ನಿಮ್ಮ ಮಾವ ಸರಿಯಾಗಿ ಹೇಳಿದ್ರೆ ನಾನು ಬಚಾವಾಗ್ತಿದ್ದೆ” ಎನ್ನುತ್ತಾರೆ. ದಿನದ ನಾಲ್ಕು ಮಾತಿನಲ್ಲಿ ಒಂದು ಇದಕ್ಕೇ ಖರ್ಚು.

ಇರಲಿ. ನಮ್ಮೂರಿನಲ್ಲಿ ಉದಯಣ್ಣ ಎಂಬವರದೊಂದು ಕಾಫಿ ವ್ಯಾಪಾರದ ಕಂಪನಿ ಇದೆ. ಬೆಳೆಗಾರರಿಂದ ಕಾಫಿ ಕೊಂಡು, ಹಸನು ಮಾಡಿ ಮಂಗಳೂರಿಗೆ ಕಳಿಸುತ್ತಿದ್ದವರಿಗೆ ಈಚೆಗೆ ನೇರವಾಗಿ ಹೊರದೇಶದವರಿಗೇ ಮಾರುವ ಹುಮ್ಮಸ್ಸು ಬಂತು. ಹೊರದೇಶದವರೊಂದಿಗೆ ಮಾತಾಡಲು ಒಬ್ಬರು ಬೇಕು. “ಆಫೀಸಲ್ಲಿ ಇಬ್ಬರಿದ್ದಾರೆ ಮೇಡಂ. ನೀವು ಪರೀಕ್ಷೆ ಮಾಡಿ. ನೂರಕ್ಕೆ ಅರವತ್ತು ಬಂದ್ರೆ ಅವರಿಗೇ ಕೆಲಸ. ಇಲ್ಲಾಂದ್ರೆ ಮಂಗಳೂರಿಂದ ಯಾರನ್ನಾದ್ರೂ ಕರಿಸ್ತೀನಿ” ಎಂದರು. ಗೋಡೆಯ ಮೇಲಿನ ಚೌಕಟ್ಟಿಗೆ ಕೊನೆಗೂ ಒಂದು ಸಾರ್ಥಕತೆ ಬಂತೆಂದು ನಾನು ಹೊರಟೆ.

ಆ ಇಬ್ಬರಲ್ಲಿ ಒಬ್ಬ ಪೂರ್ಣೇಶ, ಕಾಫಿಯ ರುಚಿ ನೋಡುವವನು. ಇನ್ನೊಬ್ಬಳು ನಸೀಮಾ, ನನ್ನ ಹಳೆಯ ವಿದ್ಯಾರ್ಥಿನಿ. ಕಳಸದ ರಸ್ತೆಯಲ್ಲಿ ಜೀಪ್ ರಿಪೇರಿ ಮಾಡುವ ಇಬ್ರಾಹಿಂ ಸಾಹೇಬರ ಮಗಳು. ನನ್ನನ್ನು ಕಂಡ ಕೂಡಲೇ ಮೂಲೆಗೆ ಕರೆದು, “ಮೇಡಂ, ಈ ಆಫೀಸಿಂದ ಹೋಗೋ ಇಂಗ್ಲಿಷ್ ಮೇಲ್ ಎಲ್ಲ ಬರೆಯೋಳು ನಾನೇ. ಕೆಳಗೆ ಮಾತ್ರ ಮ್ಯಾನೇಜರ್ ಹೆಸರು, ಇಲ್ಲ ಧಣಿಗಳ ಹೆಸರು. ಬರೆದು ಬರೆದು ಸಾಕಾಯ್ತು. ನನ್ನ ಹೆಸರಲ್ಲಿ ಒಂದಾದ್ರೂ ಮೇಲ್ ಹೋಗ್ಬೇಕು. ಅಷ್ಟೇ ಆಸೆ” ಎಂದಳು. ನನಗೆ ಕರುಳು ಚುರುಕ್ ಎಂದಿತು. ಆದರೆ ಮೌಲ್ಯಮಾಪನ ಮಾಡುವವರಿಗೆ ಕರುಳು ಇರಕೂಡದು ಎಂದು ತರಬೇತಿಯಲ್ಲಿ ಹೇಳಿದ್ದರು. “ಚೆನ್ನಾಗಿ ಮಾಡು” ಎಂದಷ್ಟೇ ಹೇಳಿ ಗಂಭೀರಳಾದೆ.

ಪರೀಕ್ಷೆ ಫೋನಿನಲ್ಲಿ. ನಾನು ಜರ್ಮನಿಯ ವ್ಯಾಪಾರಿ, ಅವರು ಇಲ್ಲಿಯವರು. ಮೂಟೆಗಳಿದ್ದ ಪಕ್ಕದ ಕೋಣೆಯೇ ಜರ್ಮನಿ. ನಡುವೆ ಒಂದು ಗಾಜಿನ ಕಿಟಕಿ ಇದ್ದುದರಿಂದ ಎರಡು ದೇಶಗಳೂ ಪರಸ್ಪರ ಕಾಣುತ್ತಿದ್ದವು. ನಾನು ಕೇಳಬೇಕಾಗಿದ್ದ ಪ್ರಶ್ನೆ ಬಹಳ ಕುಟಿಲವಾದದ್ದು. ಈ ವರ್ಷದ ಹೊಸ ಕಾಫಿ ನನಗೆ ಸೆಪ್ಟೆಂಬರ್‌ನಲ್ಲೇ ಬೇಕು! ಸೆಪ್ಟೆಂಬರ್‌ನಲ್ಲಿ ಕಾಯಿ ಇನ್ನೂ ಗಿಡದಲ್ಲಿ ಹಸಿರಾಗಿರುತ್ತದೆ ಎಂಬುದು ನಮ್ಮ ತೋಟದ ಮಂಗಗಳಿಗೂ ಗೊತ್ತು. ‘ಇಲ್ಲ’ ಎನ್ನದೆ ಬೇರೆ ದಾರಿಯೇ ಇರಬಾರದು ಎಂದು ನಾನೇ ಕುಳಿತು ಹೆಣೆದ ಬಲೆ ಅದು.

ಮೊದಲು ಬಂದ ಪೂರ್ಣೇಶ ಬಲೆಯನ್ನೇ ಹೊದ್ದುಕೊಂಡು ಮಲಗಿದ. ಸೆಪ್ಟೆಂಬರ್‌ಗೆ ಬೇಕು ಎಂದೆ, “ಯೆಸ್ ಸರ್” ಎಂದ. ಹತ್ತು ಲಾರಿ ಬೇಕು ಎಂದೆ, “ಯೆಸ್ ಸರ್”. ಹಡಗಿನ ಖರ್ಚೂ ನಿಮ್ಮದೇ ಎಂದೆ, “ಶ್ಯೂರ್ ಸರ್”. ಇನ್ನೆರಡು ನಿಮಿಷ ಬಿಟ್ಟಿದ್ದರೆ ಬಾಬಾಬುಡನ್‌ಗಿರಿಯನ್ನೂ ಬರೆದುಕೊಡುತ್ತಿದ್ದ. ಫೋನಿಟ್ಟ ಮೇಲೆ ಬೆವರು ಒರೆಸಿಕೊಂಡು, “ಬೇಗ ಮುಗೀಲಿ ಅಂತ ಒಪ್ಕೊಂಡೆ ಮೇಡಂ. ನನಗೆ ಈ ಕೆಲ್ಸ ಬೇಡ ಮಾರಾಯ್ರೆ, ಯಾರಿಗೂ ಹೇಳ್ಬೇಡಿ” ಎಂದ.

ಆಮೇಲೆ ನಸೀಮಾ. ವಂದಿಸಿದಳು, ಅಚ್ಚುಕಟ್ಟು. ಮರುಕ್ಷಣವೇ, “ಹೌ ಈಸ್ ದ ರೈನ್ ಇನ್ ಜರ್ಮನಿ, ಸರ್?” ನಾನು ಚುಟುಕಾಗಿ ಉತ್ತರಿಸಿದೆ. ತಿಂಡಿ ಆಯಿತೇ ಎಂದಳು. ಆಗಿಲ್ಲ ಎಂದು ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ. “ಒನ್ ಮಿನಿಟ್ ಸರ್” ಎಂದವಳು ಫೋನಿಟ್ಟು ಎದ್ದು, ಜರ್ಮನಿಯ ಬಾಗಿಲು ತಳ್ಳಿಕೊಂಡು ಬಂದು, ನನ್ನ ಮುಂದೆ ಕಾಫಿ ಮತ್ತು ಎರಡು ಬನ್ನು ಇಟ್ಟು, ವಾಪಸ್ ಹೋಗಿ ಕುಳಿತು “ಹಲೋ ಸರ್” ಎಂದಳು! ಕಾಫಿಯ ತಳಿ, ತೋಟ ಇರುವ ಎತ್ತರ, ಹಸನು ಮಾಡುವ ಬಗೆ, ಎಲ್ಲವನ್ನೂ ತಡವರಿಸದೆ ವಿವರಿಸಿದಳು. ಬೆಲೆಯಲ್ಲಿ ನನ್ನನ್ನು ಚೆನ್ನಾಗಿಯೇ ಎಳೆದಾಡಿದಳು. ಬನ್ನು ತಿನ್ನುತ್ತಾ ನನಗೆ ಹೆಮ್ಮೆಯಾಯಿತು. ಆಮೇಲೆ ಬಲೆ ಬೀಸಿದೆ. ಹೊಸ ಕಾಫಿ ಸೆಪ್ಟೆಂಬರ್‌ಗೆ ಬೇಕು.

ಈ ವರ್ಷ ಮಳೆ ಒಳ್ಳೆಯದಿದೆ, ಕಾಯಿಗಳು ಗಿಡದಲ್ಲಿ ಬಹಳ ಸಂತೋಷವಾಗಿವೆ ಎಂದಳು. ಹಾಗಾದರೆ ಸೆಪ್ಟೆಂಬರ್‌ಗೆ ಕೊಡುವುದಿಲ್ಲವೇ? ಹಾಗೇನೂ ಇಲ್ಲ ಸರ್, ನೋಡುವ. ನಾನು ಧ್ವನಿ ಏರಿಸಿ, “ಈಸ್ ಇಟ್ ಎ ಯೆಸ್ ಆರ್ ಎ ನೋ?” ಎಂದೆ. ಕಿಟಕಿಯಾಚೆ ಅವಳ ಮುಖ ಸಣ್ಣದಾಯಿತು. ಫೋನನ್ನು ಎದೆಗೆ ಒತ್ತಿಕೊಂಡು, ಗಾಜಿನ ಹತ್ತಿರ ಬಂದು, ಪಿಸುಮಾತಿನಲ್ಲಿ, “ಮೇಡಂ, ಮುಖಕ್ಕೆ ಹೊಡೆದ ಹಾಗೆ ಹೆಂಗೆ ಹೇಳೋದು? ಪಾಪ, ಅಷ್ಟು ದೂರದಿಂದ ಫೋನ್ ಮಾಡಿದ್ದಾರೆ” ಎಂದಳು.

ಒಟ್ಟು ಐವತ್ತೆಂಟು. ಕೊನೆಯ ಅಂಶಕ್ಕೆ ಸೊನ್ನೆ. ಎರಡು ಅಂಕ ಎಲ್ಲಾದರೂ ತುರುಕಬಹುದಿತ್ತು, ಬನ್ನಿಗೇ ಎರಡು ಕೊಡಬಹುದಿತ್ತು. ಆದರೆ ನನ್ನದು ಹಾಳು ಸ್ವಭಾವ, ಕೆಂಪು ಪೆನ್ನು ಹಿಡಿದರೆ ಸ್ವಂತ ತಂಗಿಯನ್ನೂ ಬಿಡುವವಳಲ್ಲ. ಉದಯಣ್ಣನಿಗೆ ಸೋಮವಾರದೊಳಗೆ ಹೇಳುತ್ತೇನೆ ಎಂದು ಮನೆಗೆ ಬಂದೆ. ಆ ಹುಡುಗಿಯ ಹೆಸರು ಇನ್ನೂ ಯಾರದೋ ಹೆಸರಿನ ಹಿಂದೆ ಅಡಗಿಕೊಂಡೇ ಇರುತ್ತದಲ್ಲ ಎಂದು ಹೊಟ್ಟೆ ಉರಿಯಿತು. ಉರಿದರೇನು, ಸೊನ್ನೆ ಹಾಕಿದವಳು ನಾನೇ.

ಭಾನುವಾರ ನಸೀಮಾ ಮನೆಗೇ ಬಂದಳು. “ಬಾ ಬಾ, ನೆಂದು ತೊಪ್ಪೆಯಾಗಿದ್ದೀಯಲ್ಲ” ಎಂದು ಕೂರಿಸಿದೆ. ಬಿಸಿ ಅಕ್ಕಿ ರೊಟ್ಟಿ ಹಾಕಿದೆ. ಕಳಸದ ಕಡೆ ಮಳೆ ಹೇಗೆ ಎಂದು ಕೇಳಿದೆ. ಅಪ್ಪನ ಗ್ಯಾರೇಜು ಹೇಗೆ, ಅಮ್ಮನ ಸೊಂಟನೋವು ಹೇಗೆ, ಭದ್ರಾ ಹೊಳೆಯಲ್ಲಿ ನೀರು ಎಷ್ಟು ಬಂದಿದೆ, ಇನ್ನೊಂದು ರೊಟ್ಟಿ ಹಾಕಲೇ ಎಂದೆಲ್ಲ ಕೇಳಿದೆ. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡತೊಡಗಿದರು.

“ಮೇಡಂ, ನನ್ನ ರಿಸಲ್ಟ್?” ಎಂದಳು.

“ಅದು... ನೋಡುವ. ಮಳೆ ಒಂದು ಹೊಳವಾಗ್ಲಿ.”

ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು. “ಮೇಡಂ, ಈಸ್ ಇಟ್ ಎ ಯೆಸ್ ಆರ್ ಎ ನೋ?”

ನನ್ನ ಮೂಟೆ ಕೋಣೆಯ ಜರ್ಮನ್ ಪ್ರಶ್ನೆ ನನ್ನ ಮನೆಯ ಹಜಾರಕ್ಕೇ ಬಂದು ಕುಳಿತಿತ್ತು. ನಾನು ಇಂಗ್ಲಿಷ್ ಎಂ.ಎ. ಮೇಲೆ ಗೋಡೆಯಲ್ಲಿ ಪ್ರಮಾಣಪತ್ರ. “ಇನ್ನೊಂದು ಲೋಟ ಕಾಫಿ ತರ್ತೀನಿ” ಎಂದು ಅಡುಗೆಮನೆಯ ಕಡೆ ಎದ್ದೆ.

“ನೋ, ಥ್ಯಾಂಕ್ ಯೂ ಮೇಡಂ” ಎಂದಳು ಅವಳು, ಕುಳಿತಲ್ಲಿಂದಲೇ. “ಐ ಆಮ್ ಸಾರಿ. ನೀವು ಫೇಲ್ ಮಾಡಿದ್ದರೆ ಆ ರಿಸಲ್ಟನ್ನು ನಾನು ಒಪ್ಪುವುದಿಲ್ಲ.” ಇಷ್ಟನ್ನೂ ಇಂಗ್ಲಿಷಿನಲ್ಲಿ, ತಗ್ಗಿದ ಧ್ವನಿಯಲ್ಲಿ, ಒಂದೂ ಪದ ಹೆಚ್ಚಿಲ್ಲದೆ ಹೇಳಿದಳು. ಹೇಳಿದ ಮೇಲೆ ತಾನೇ ಹೆದರಿ, “ಅಯ್ಯೋ ತಪ್ಪಾಯ್ತು ಮೇಡಂ” ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಇವಳು ಹೇಳಿಬಿಟ್ಲಲ್ಲ” ಎಂದರು ಯಜಮಾನರು. ಆ ದಿನದ ಎರಡನೆಯ ಮಾತು ಅದು.

ಹೌದಲ್ಲ! ಸೌಜನ್ಯ ಬಿಡದೆ, ಸ್ಪಷ್ಟವಾಗಿ, ತನಗಿಂತ ಹಿರಿಯಳಿಗೆ, ಕಾಫಿಗೂ ಸೋಲಿಗೂ ಒಟ್ಟೊಟ್ಟಿಗೆ ‘ಇಲ್ಲ’ ಎಂದಿದ್ದಳು. ಉದಯಣ್ಣನಿಗೆ ನಾನಿನ್ನೂ ಏನೂ ಹೇಳಿರಲಿಲ್ಲ, ಅಂದಮೇಲೆ ಪರೀಕ್ಷೆ ಮುಗಿದಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು. ಅಂಕ ಹಾಕುವಾಗ ಇಷ್ಟು ಖುಷಿ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅವಳ ಎದುರಿಗೇ ಉದಯಣ್ಣನಿಗೆ ಫೋನ್ ಮಾಡಿ, “ನಸೀಮಾ ಪಾಸು. ಎಪ್ಪತ್ತೆಂಟು” ಎಂದೆ. ಅವಳು ಅಳುತ್ತಾ ನಗುತ್ತಾ, ಬಿಟ್ಟಿದ್ದ ರೊಟ್ಟಿಯನ್ನು ಪೂರ್ತಿ ತಿಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಫೋನಿನಲ್ಲಿ ಉದಯಣ್ಣ, “ಬಹಳ ಉಪಕಾರ ಆಯ್ತು ಮೇಡಂ. ಹಂಗೇ ಕಳಸದ ಗೋಡೌನಲ್ಲೂ ಒಂದಷ್ಟು ಜನ ಇದ್ದಾರೆ. ಈ ಮಳೆಗಾಲ ಪೂರ್ತಿ, ಸೋಮವಾರ ಸೋಮವಾರ ಹೋಗಿ ಅವರನ್ನೂ ತಯಾರು ಮಾಡಿಬಿಡಿ” ಎಂದರು. ಆಷಾಢದ ಮಳೆಯಲ್ಲಿ ಆ ತಿರುವಿನ ರಸ್ತೆ! ನನಗೆ ಸುತಾರಾಂ ಇಷ್ಟವಿರಲಿಲ್ಲ. “ಆ ಕಡೆ ಗುಡ್ಡ ಕುಸೀತದಂತಲ್ಲ ಉದಯಣ್ಣ” ಎಂದೆ. “ಅದಕ್ಕೇ ಜೀಪ್ ಕಳಿಸ್ತೀನಿ” ಎಂದರು. ಮಂಡಿನೋವು ಎಂದೆ. “ಮುಂದಿನ ಸೀಟೇ ನಿಮಗೆ” ಎಂದರು. “ಮನೇಲಿ ಒಂದು ಮಾತು ಕೇಳಿ...” ಎಂದೆ. “ಕೇಳಿ ಕೇಳಿ, ನಾಳೆಯೇ ಜೀಪ್ ಬರ್ತದೆ” ಎಂದು ಫೋನಿಟ್ಟರು. ಯಜಮಾನರು ನನ್ನನ್ನು ನೋಡಿ ನಕ್ಕರು. ಅಂದು ನಮ್ಮ ಸೋದರಮಾವನ ಮನೆಯಂಗಳದಲ್ಲಿ ಅವರು ಇಳಿದದ್ದೂ ಇಂಥದೇ ಜೀಪಿನಿಂದ.

ಮರುದಿನ ಬೆಳಿಗ್ಗೆ ಮೊಬೈಲಿಗೆ ಒಂದು ಮೇಲ್ ಬಂತು. ಮಳೆಯ ವಿಚಾರವಿಲ್ಲ, ತಿಂಡಿಯ ವಿಚಾರವಿಲ್ಲ. ಜೀಪು ಎಂಟಕ್ಕೆ ಬರುತ್ತದೆ, ನೀವು ಹೊರಡುತ್ತೀರೋ ಇಲ್ಲವೋ ಒಂದೇ ಪದದಲ್ಲಿ ತಿಳಿಸಿ ಎಂದು ಎರಡು ಸಾಲು ಇಂಗ್ಲಿಷು. ಕೆಳಗೆ ಬೇರೆ ಯಾರ ಹೆಸರೂ ಇಲ್ಲ, ನಸೀಮಾಳ ಹೆಸರೊಂದೇ. ಅದನ್ನು ನಾನು ಮತ್ತೆ ಮತ್ತೆ ಓದಿದೆ. ಅಭ್ಯಾಸಬಲದಿಂದ ಕೈ ಕೆಂಪು ಪೆನ್ನು ಹುಡುಕಿತು.

ಆಮೇಲೆ ಉತ್ತರ ಬರೆಯಲು ಕುಳಿತೆ. ಬೇಕಾಗಿದ್ದದ್ದು ಒಂದೇ ಪದ, ಅದೂ ಇಂಗ್ಲಿಷಿನಲ್ಲಿ ಎರಡೇ ಅಕ್ಷರ. ಟೈಪ್ ಮಾಡಿದೆ, ಅಳಿಸಿದೆ. ಪಾಪ, ಅವಳ ಹೆಸರಿನಲ್ಲಿ ಬಂದ ಮೊದಲ ಮೇಲ್. ಅದಕ್ಕೆ ಹಾಗೆ ಮುಖಕ್ಕೆ ಹೊಡೆದಂತೆ ಬರೆಯುವುದು ಹೇಗೆ? ಕೊನೆಗೆ, “ಪ್ರಿಯ ನಸೀಮಾ, ಕಳಸದ ಕಡೆ ಮಳೆ ಹೇಗಿದೆ?” ಎಂದು ಬರೆದು ಕಳಿಸಿದೆ.

ಕ್ಷಣದಲ್ಲೇ ಉತ್ತರ ಬಂತು. “ಒಪ್ಪಿದ್ದಕ್ಕೆ ಧನ್ಯವಾದ ಮೇಡಂ. ಕೊಡೆ ಮರೆಯಬೇಡಿ.”